ದೋಣಿಗೆ ಎಣ್ಣೆ ಹಚ್ಚಿದ ವರ್ಷ

ನಮ್ಮ ಮೈಲಾಪುರದ ಮನೆಯ ನಡುಮನೆಯಲ್ಲಿ ವರ್ಷಕ್ಕೆ ಮೂರು ತಿಂಗಳು ಒಂದು ದೋಣಿ ಮಲಗಿರುತ್ತಿತ್ತು ಎಂದರೆ ನನ್ನ ಮೊಮ್ಮಕ್ಕಳು ನಂಬುವುದಿಲ್ಲ. “ಪಾಟಿ ರೀಲ್ ವಿಡ್ರಾಂಗ”, ಅಜ್ಜಿ ರೀಲು ಬಿಡುತ್ತಿದ್ದಾಳೆ, ಎಂದು ತಮಿಳಿನಲ್ಲೇ ನಗುತ್ತಾರೆ. ನಗಲಿ. ಆ ದೋಣಿ ಮೊದಲ ಸಲ ಒಳಗೆ ಬಂದ ದಿನ ನಾನು ಮೂರನೇ ಕ್ಲಾಸಿನ ಹುಡುಗಿ, ಶಾಲೆಯಿಂದ ಬಂದು ಜಗುಲಿ ಹತ್ತಿದವಳು ಅಲ್ಲೇ ನಿಂತುಬಿಟ್ಟೆ. ಅಪ್ಪಯ್ಯನ ಹೋಟೆಲಿನ ಆರು ಜನ ಅದನ್ನು ಅಡ್ಡಕ್ಕೆ ಮಗುಚಿ, ಉಸಿರು ಬಿಗಿಹಿಡಿದು ಬಾಗಿಲಿನಿಂದ ಒಳಗೆ ತೂರಿಸುತ್ತಿದ್ದರು. ಕಾಲುವೆಯಲ್ಲಿ ತೇಲುವಾಗ ಚಿಕ್ಕದಾಗಿ ಕಾಣುತ್ತಿದ್ದದ್ದು ಮನೆಯೊಳಗೆ ಬಂದಾಗ ಇಡೀ ಕೋಣೆಯನ್ನೇ ತುಂಬಿಬಿಟ್ಟಿತು. ಹೋಟೆಲಿನಲ್ಲಿ ಕಾಲು ಮುರಿದ ಎರಡು ಬೆಂಚುಗಳಿಗೆ ಇಟ್ಟಿಗೆ ಕೊಟ್ಟು ಅದರ ಮೇಲೆ ದೋಣಿಯನ್ನು ಕವುಚಿ ಇಟ್ಟರು. ನಾನು ಮೆಲ್ಲಗೆ ಬಗ್ಗಿ ಅದರ ಕೆಳಗೆ ಹೋಗಿ ಮಲಗಿ ಮೇಲೆ ನೋಡಿದೆ. ಹಲಗೆಗಳು ಎರಡೂ ಕಡೆಯಿಂದ ಬಾಗಿ ಬಂದು ನನ್ನ ತಲೆಯ ಮೇಲೆ ಒಂದಾಗಿದ್ದವು. ಮನೆಯೊಳಗೆ ಇನ್ನೊಂದು ಮನೆ ಕಟ್ಟಿದ್ದಾರೆ ಅನಿಸಿತು. ಅಷ್ಟು ದೊಡ್ಡ ಮೌನದ ಕೆಳಗೆ ನಾನು ಅದಕ್ಕೆ ಮುಂಚೆ ಮಲಗಿರಲಿಲ್ಲ.

ದೋಣಿ ನಮ್ಮ ಅಜ್ಜಯ್ಯನದು, ಅಂದರೆ ಅಪ್ಪಯ್ಯನ ತಂದೆಯದು. ಅಜ್ಜಯ್ಯ ಬ್ರಹ್ಮಾವರದ ಕಡೆಯ ಒಂದು ಕುದ್ರುವಿನವರು. ಕುದ್ರು ಎಂದರೆ ಹೊಳೆಯ ನಡುವಿನ ದ್ವೀಪ. ಅಲ್ಲಿ ಉಪ್ಪು ತರುವುದಕ್ಕೂ ದೋಣಿ, ಮದುವೆ ದಿಬ್ಬಣಕ್ಕೂ ದೋಣಿ. ಅಪ್ಪಯ್ಯ ಟ್ರಿಪ್ಲಿಕೇನಿನಲ್ಲಿ ಹೋಟೆಲು ಹಾಕಿ ಕಾಲೂರಿದ ಮೇಲೆ ತಂದೆತಾಯಿಯನ್ನು ಮದರಾಸಿಗೆ ಕರೆಸಿಕೊಂಡರು. ಹೊಳೆ ದಾಟಿಸುತ್ತಿದ್ದ ಮನುಷ್ಯನನ್ನು ಹೋಟೆಲಿನ ಬಾಗಿಲ ಬಳಿ ಕುರ್ಚಿಯಲ್ಲಿ ಕೂರಿಸಿ ಊಟದ ಟಿಕೆಟ್ ಹರಿಯುವ ಕೆಲಸ ಕೊಟ್ಟರು. ಅಜ್ಜಯ್ಯ ಎರಡು ವರ್ಷ ಟಿಕೆಟ್ ಹರಿದರು. ಆಮೇಲೆ ಒಂದು ದಿನ ನಮ್ಮ ಮನೆಯ ಹಿಂದಿನ ಬಕಿಂಗ್‌ಹ್ಯಾಮ್ ಕಾಲುವೆಯಲ್ಲಿ, ಉಪ್ಪಿನ ದೊಡ್ಡ ದೋಣಿಯ ಹಿಂದೆ ಕಟ್ಟಿದ್ದ ಈ ಮರಿದೋಣಿಯನ್ನು ಕಂಡರು. ಅದರ ಯಜಮಾನನಿಗೆ ಅದು ಬೇಡವಾಗಿತ್ತು, ಇವರು ಕೇಳಿ ಪಡೆದರು. ಅವತ್ತಿನಿಂದ ಅಜ್ಜಯ್ಯ ಬೆಳಿಗ್ಗೆ ಬಿದಿರಿನ ಜಲ್ಲೆ ಊರಿ ದೋಣಿ ನೂಕಿಕೊಂಡು ದಕ್ಷಿಣಕ್ಕೆ ಹೋಗಿ ತೋಟಗಳಿಂದ ಹೋಟೆಲಿಗೆ ಬಾಳೆಎಲೆ ತರತೊಡಗಿದರು. ಎಲೆ ಗಾಡಿಯಲ್ಲೂ ಬರುತ್ತಿತ್ತು, ಅದೂ ಇನ್ನೂ ಬೇಗ. ಅಪ್ಪಯ್ಯನಿಗೆ ಇದೆಲ್ಲ ಮುಜುಗರ. ಆದರೆ ಎಲೆಯ ಕಟ್ಟಿನ ಪಕ್ಕ ನಿಂತು ಕಾಲುವೆಯಲ್ಲಿ ಬರುವ ಅಜ್ಜಯ್ಯನನ್ನೂ ಕುರ್ಚಿಯಲ್ಲಿ ಕೂತ ಅಜ್ಜಯ್ಯನನ್ನೂ ನೋಡಿದ ಯಾರಿಗಾದರೂ ಇಬ್ಬರೂ ಒಬ್ಬರೇ ಎಂದು ಹೇಳಲು ಕಷ್ಟವಾಗುತ್ತಿತ್ತು.

ಊರಿನಲ್ಲಿ ಮಳೆ ಆಷಾಢದಲ್ಲಿ. ಮದರಾಸಿನಲ್ಲಿ ಅದು ದೀಪಾವಳಿಯ ಪಟಾಕಿ ನೆನೆಸುವುದಕ್ಕೆಂದೇ ಬರುತ್ತದೆ. ಆಗ ಕಾಲುವೆ ಉಕ್ಕಿ ಹರಿಯುತ್ತದೆ, ಚಿಕ್ಕ ದೋಣಿ ನಿಲ್ಲುವುದಿಲ್ಲ. ಮೊದಲ ವರ್ಷ ದೋಣಿಯನ್ನು ಹಿತ್ತಲಲ್ಲಿ ಇಟ್ಟು, ಅದರಲ್ಲಿ ನೀರು ನಿಂತು, ಒಂದು ಹಲಗೆಯೇ ಉಬ್ಬಿಹೋಗಿತ್ತು. ಅದಕ್ಕೇ ಎರಡನೇ ವರ್ಷ ಒಳಗೆ ತಂದದ್ದು. ಅಜ್ಜಯ್ಯ ತೆಂಗಿನೆಣ್ಣೆಯ ಬಾಟ್ಲಿ ತೆಗೆದುಕೊಂಡು ಶುಭ್ರವಾದ ಬಟ್ಟೆಯಲ್ಲಿ ದೋಣಿಯ ಮೈಗೆಲ್ಲ ಎರಡು ದಿನ ತಿಕ್ಕಿದರು. “ನಮ್ಮ ಮನೆಯಗೆ ನಾಲ್ಕ್ ತಲೆಮಾರಿಂದ ದೋಣಿಗೆ ತೆಂಗಿನೆಣ್ಣೆಯೇ” ಎಂದು ಹೇಳುತ್ತ ಹೇಳುತ್ತ ತಿಕ್ಕಿದರು. ಆಮೇಲೆ ಹೋಟೆಲಿನಿಂದ ಅಕ್ಕಿಯ ಗೋಣಿಗಳನ್ನು ತರಿಸಿ, ಗಾಳಿ ಆಡದ ಹಾಗೆ ಮುಚ್ಚಿ, ಹಗ್ಗ ಬಿಗಿದರು. ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟುವ ಮನೆಯವರು ನಾವು; ಮುಚ್ಚಿಟ್ಟದ್ದು ಕೆಡುವುದಿಲ್ಲ ಎಂಬುದು ನಮ್ಮ ನಂಬಿಕೆ.

ಆ ಮೂರು ತಿಂಗಳು ಮನೆಯ ಬದುಕೆಲ್ಲ ದೋಣಿಯ ಸುತ್ತ ಸುತ್ತಬೇಕಾಗಿತ್ತು. ಊಟಕ್ಕೆ ಗಂಡಸರು ಒಂದು ಬದಿ, ನಾವು ಇನ್ನೊಂದು ಬದಿ. ಅಮ್ಮ ಬಡಿಸುವಾಗ ದೋಣಿಯ ಮೂತಿ ತಾಗಿ ಸಾರು ಚೆಲ್ಲಿದ್ದಕ್ಕೆ ಲೆಕ್ಕವಿಲ್ಲ. “ಮನೆಗೆ ಸೊಸೆಯಾಗಿ ಬಂದದ್ದು ನಾನು, ಮೆರೆಯುದು ಇದು” ಎಂದು ಅಮ್ಮ ಗೊಣಗುತ್ತಿದ್ದರು, ಅಜ್ಜಯ್ಯನಿಗೆ ಕೇಳದ ಹಾಗೆ. ನಮ್ಮ ಅಮ್ಮಮ್ಮ, ಅಜ್ಜಯ್ಯನ ಹೆಂಡತಿ, ಮಾತ್ರ ಏನೂ ಹೇಳುತ್ತಿರಲಿಲ್ಲ. ಅವರ ಮಡಿ ಇಡೀ ಬೀದಿಗೆ ಗೊತ್ತಿತ್ತು. ಶಾಲೆಯಿಂದ ಬಂದ ನಾನು ಕೈಕಾಲು ತೊಳೆದು ಬಟ್ಟೆ ಬದಲಿಸುವ ತನಕ ಅವರ ನೆರಳನ್ನೂ ಮುಟ್ಟುವ ಹಾಗಿಲ್ಲ. ದೇವರ ಕೋಣೆಯಿಂದ ಅಡಿಗೆಮನೆಗೆ ಹೋಗುವಾಗ ಅವರು ಸೀರೆಯ ಸೆರಗನ್ನು ಒತ್ತಿಹಿಡಿದು ದೋಣಿಗೆ ತಾಗದಂತೆ ಸರಿದು ಹೋಗುತ್ತಿದ್ದರು. ಒಂದೊಂದು ಸಲ ನಿಂತು ಮೂಗನ್ನು ಗೋಣಿಯ ಹತ್ತಿರ ತಂದು, ಏನನ್ನೋ ಹುಡುಕುವವರ ಹಾಗೆ ಉಸಿರೆಳೆದು, ತಲೆಯಲ್ಲಾಡಿಸಿ ಒಳಗೆ ಹೋಗುತ್ತಿದ್ದರು.

ಮೂರನೇ ವಾರ ಅಜ್ಜಯ್ಯ ಒಂದು ಗೋಣಿಯನ್ನು ಎತ್ತಿ ನೋಡಿದಾಗ ಹಲಗೆಯ ಮೇಲೆಲ್ಲ ಬೆಳ್ಳಗೆ ಬೂಷ್ಟು ಹಿಡಿದಿತ್ತು. ನಾನು ಪಕ್ಕದಲ್ಲೇ ಇದ್ದೆ. ಹೆದರಿಕೆಯ ಜೊತೆಗೆ ಬೆರಗೂ ಆಯಿತು ಎಂದು ಒಪ್ಪಿಕೊಳ್ಳಬೇಕು. ಯಾರೂ ಬಿತ್ತದೆ, ಯಾರೂ ನೋಡದೆ ಇಷ್ಟು ಸೂಕ್ಷ್ಮವಾದದ್ದು ಇಷ್ಟು ಬೇಗ ಬೆಳೆದಿತ್ತಲ್ಲ! ಬೆಳ್ಳಗಿನ ಎಳೆಗಳ ತುದಿಯಲ್ಲಿ ಹಸಿರು ಚುಕ್ಕೆ. ನಾನು ಊದಿದೆ, ಹೊಗೆಯ ಹಾಗೆ ಎದ್ದಿತು. ಅಜ್ಜಯ್ಯ ನನ್ನ ಬಾಯಿ ಮುಚ್ಚಿ ಹಿಂದಕ್ಕೆ ಎಳೆದರು. ಗೆಣ್ಣಿನಿಂದ ಹಲಗೆಯನ್ನು ತಟ್ಟಿ ಕಿವಿಗೊಟ್ಟರು. ಒಣಗಿದ ಮರ ಟಣ್ ಎನ್ನಬೇಕು. ಅದು ದಬ್ ಎಂದಿತು.

ಅಷ್ಟಕ್ಕೇ ಅಜ್ಜಯ್ಯ ಸೋಲಲಿಲ್ಲ. ಬೂಷ್ಟು ಒರೆಸಿದರು, ಮತ್ತೆ ತೆಂಗಿನೆಣ್ಣೆ ಹಚ್ಚಿದರು. ದೋಣಿಯ ಕೆಳಗೆ ಅಗಲ ಬಾಯಿಯ ಭರಣಿಗಳಲ್ಲಿ ಕಲ್ಲುಪ್ಪು ತುಂಬಿಸಿ ಇಟ್ಟರು. ಉಪ್ಪು ಗಾಳಿಯ ತೇವ ಕುಡಿದು ಎರಡೇ ದಿನಕ್ಕೆ ನೀರೂರಿ ಕೂರುತ್ತಿತ್ತು, ಅದನ್ನು ಹುರಿದು ಮತ್ತೆ ಇಡುತ್ತಿದ್ದರು. ಹೋಟೆಲಿನ ಒಲೆಯ ಕೆಂಡ ತರಿಸಿ ಅಗ್ಗಿಷ್ಟಿಕೆಯಲ್ಲಿ ಬೇವಿನೆಲೆ ಹಾಕಿ ಹೊಗೆ ಕೊಟ್ಟರು. ಒಂದು ವಾರ ಬಿಟ್ಟು ನೋಡಿದರೆ ಬೂಷ್ಟು ಮತ್ತೆ ಹಾಜರ್. ಅಷ್ಟರಲ್ಲಿ ನನಗೆ ಕೆಮ್ಮು ಹಿಡಿಯಿತು. ನಾನು ಮಲಗುತ್ತಿದ್ದದ್ದು ನಡುಮನೆಯಲ್ಲೇ. ನನ್ನ ಕೆಮ್ಮು ಅಪ್ಪಯ್ಯನ ಕಿವಿಗೆ ಬಿದ್ದ ಬೆಳಿಗ್ಗೆ ಅವರು ಕಾಫಿಯ ಲೋಟ ಕೆಳಗಿಟ್ಟು ಎದ್ದು ಬಂದರು. ಅಪ್ಪಯ್ಯ ತಂದೆಯ ಎದುರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

“ಅಪ್ಪಯ್ಯಾ, ಇನ್ನ್ ಸಾಕ್. ಹೆಣ್ಣಿನ ಎದೆಗೆ ಹೋಪುಕೆ ಶುರುವಾಯ್ತ್ ಇದ್. ಕಾರ್ತಿಕ ಹುಣ್ಣಿಮೆ ಒಳಗೆ ಬೂಷ್ಟ್ ಹೋಯ್ಕ್. ಇಲ್ದಿರೆ ಜನ ಕಳ್ಸ್ತೆ, ಕೊಡಲಿ ಹಿಡ್ಕಂಡ್ ಬತ್ರ್. ಹೋಟ್ಲಿನ ಒಲೆಗೆ ಸೌದೆ ಆತ್ತ್.”

ಮಗ ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದೇ ಅಜ್ಜಯ್ಯನಿಗೆ ಕಷ್ಟವಾದದ್ದು. ನನಗಂತೂ ಎದೆ ಒಡೆದುಹೋಯಿತು. ದೋಣಿ ಸೌದೆಯಾದರೆ ಅದಕ್ಕೆ ಕಾರಣ ನನ್ನ ಕೆಮ್ಮು, ಅಜ್ಜಯ್ಯ ಮತ್ತೆ ಆ ಕುರ್ಚಿಗೆ ಹೋಗಿ ಕೂರಬೇಕು. ಅವತ್ತಿನಿಂದ ಕೆಮ್ಮು ಬಂದಾಗೆಲ್ಲ ನಾನು ಬಾವಿಕಟ್ಟೆಗೆ ಓಡುತ್ತಿದ್ದೆ. ಸೆರಗಿಲ್ಲದ ವಯಸ್ಸು, ಲಂಗವನ್ನೇ ಬಾಯಿಗೆ ತುರುಕಿಕೊಂಡು ಕೆಮ್ಮಿ, ಕಣ್ಣು ಒರೆಸಿಕೊಂಡು, ಏನೂ ಆಗದವಳ ಹಾಗೆ ಒಳಗೆ ಬರುತ್ತಿದ್ದೆ. ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ.

ಹಿತ್ತಲ ಗೋಡೆಯ ಆಚೆ ಓಣಿ. ಆ ಓಣಿಯಲ್ಲಿ ದಿನಾ ಬೆಳಿಗ್ಗೆ ಕನ್ನಿಯಮ್ಮ ಎಂಬ ಮೀನುಗಾರ ಹೆಂಗಸು ಕಡಲ ಕಡೆಯಿಂದ ಬುಟ್ಟಿ ಹೊತ್ತು ಪೇಟೆಗೆ ಹೋಗುತ್ತಿದ್ದಳು. ಅಮ್ಮಮ್ಮ ಬಾವಿಯ ಬಳಿ ಇದ್ದರೆ ಮುಖವನ್ನು ಆಚೆ ತಿರುಗಿಸಿ ನಿಂತೇ ಅವಳೊಡನೆ ಮಾತಾಡುತ್ತಿದ್ದರು. ಒಬ್ಬರದು ಕುಂದಾಪುರದ ಕನ್ನಡ, ಇನ್ನೊಬ್ಬರದು ಕಡಲ ದಡದ ತಮಿಳು. ಇಬ್ಬರೂ ಹೇಗೆ ಜಗಳವಿಲ್ಲದೆ ಅಷ್ಟು ಹೊತ್ತು ಮಾತಾಡಬಲ್ಲರು ಎಂದು ನನಗೆ ಆಶ್ಚರ್ಯ. ಹುಣ್ಣಿಮೆಗೆ ನಾಲ್ಕು ದಿನ ಇರುವಾಗ ಅಜ್ಜಯ್ಯ ಹಿತ್ತಲ ಬಾಗಿಲು ತೆರೆದಿಟ್ಟು ದೋಣಿಗೆ ಗಾಳಿ ಕೊಡುತ್ತಿದ್ದರು. ಕನ್ನಿಯಮ್ಮ ಗೋಡೆಯ ಮೇಲಿನಿಂದ ಇಣುಕಿದಳು. ಅಜ್ಜಯ್ಯನ ಕೈಯ ಬಾಟ್ಲಿ ನೋಡಿದಳು.

“ಎನ್ನ ಸಾಮಿ, ಪಡಗುಕ್ಕು ತೇಂಗಾ ಎಣ್ಣೆಯಾ? ಅದು ತಲೆಕ್ಕು ತಡವುರದು!”

ದೋಣಿಗೆ ತಲೆಗೆ ಹಚ್ಚುವ ಎಣ್ಣೆ ಹಚ್ಚುತ್ತಿದ್ದೀರಲ್ಲ ಎಂದು ಬುಟ್ಟಿ ಅಲ್ಲಾಡುವ ಹಾಗೆ ನಕ್ಕಳು. ನಗು ಮುಗಿಸಿ, ಮೀನೆಣ್ಣೆಯೇ ಆಗಬೇಕು, ಬೇರೆ ಯಾವುದೂ ಹಿಡಿಯುವುದಿಲ್ಲ, ಗೋಣಿ ತೆಗೆದುಹಾಕಿ ಗಾಳಿ ಬಿಡಿ ಎಂದಳು. ಅಜ್ಜಯ್ಯನ ಮುಖ ಕೆಂಪಾಯಿತು. ದೇವರ ಕೋಣೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಮೀನೆಣ್ಣೆ! ಅವರು ಬಾಗಿಲು ಹಾಕಿಕೊಂಡರು. ಅಮ್ಮಮ್ಮ ಬಾವಿಯ ಬಳಿ ಕೊಡ ಹಿಡಿದು ನಿಂತಿದ್ದರು. ಅವರು ಮುಖ ತಿರುಗಿಸಿರಲಿಲ್ಲ. ಆಮೇಲೆ ಅವರಿಬ್ಬರು ಏನು ಮಾತಾಡಿಕೊಂಡರೋ ನನಗೆ ಕೇಳಿಸಲಿಲ್ಲ.

ಮರುದಿನದಿಂದ ಮಳೆ ಹೊಳವಾಯಿತು, ಎರಡು ದಿನ ಬಿಸಿಲು ಬಿತ್ತು. ಅಮ್ಮಮ್ಮ ಯಾರನ್ನೂ ಕೇಳದೆ ಗೋಣಿಗಳನ್ನು ಬಿಚ್ಚಿದರು. ಹಬ್ಬದ ಅಭ್ಯಂಜನದಲ್ಲಿ ಮಿಕ್ಕಿದ್ದ ಸೀಗೆಪುಡಿಯ ಡಬ್ಬ ತೆಗೆದು, ಬಿಸಿನೀರಿನಲ್ಲಿ ಕಲಸಿ, ಪಾತ್ರೆ ತಿಕ್ಕುವ ತೆಂಗಿನ ಸಿಪ್ಪೆಯಿಂದ ದೋಣಿಯ ಎಣ್ಣೆಯನ್ನೂ ಬೂಷ್ಟನ್ನೂ ಉಜ್ಜಿ ತೆಗೆದರು. ನಾನು ನೀರು ಹೊಯ್ದೆ. ಅಜ್ಜಯ್ಯ ಹೋಟೆಲಿನಿಂದ ಬಂದು ನೋಡಿ, ಸೀಗೆಪುಡಿಯಲ್ಲಿ ಮಡಿಗೆ ಭಂಗವಿಲ್ಲವಾದ್ದರಿಂದ ಸುಮ್ಮನಾದರು. ಹಿತ್ತಲ ಬಾಗಿಲಿನಿಂದ ಬರುವ ಬಿಸಿಲಿಗೆ ದೋಣಿ ಒಣಗಿತು. ಬರಿಮೈಯಾದ ಮರದಲ್ಲಿ ಎಂಥ ಗೆರೆಗಳಿದ್ದವು! ಒಂದೊಂದು ಗೆರೆಯೂ ಮರ ಬದುಕಿದ ಒಂದು ವರ್ಷ ಎಂದು ಅಮ್ಮಮ್ಮ ಹೇಳಿದರು. ನಾನು ಎಣಿಸತೊಡಗಿ, ನನ್ನ ವಯಸ್ಸು ದಾಟಿ, ಅಪ್ಪಯ್ಯನ ವಯಸ್ಸು ದಾಟಿ, ಹೆದರಿ ನಿಲ್ಲಿಸಿದೆ.

ಹುಣ್ಣಿಮೆಯ ಮಧ್ಯಾಹ್ನ, ಊಟ ಮುಗಿದ ಮೇಲೆ, ಅಮ್ಮಮ್ಮ ದೇವರ ಕೋಣೆಯ ಬಾಗಿಲು ಎಳೆದು ಚಿಲಕ ಹಾಕಿದರು. ಸೀರೆ ಎತ್ತಿ ಕಟ್ಟಿದರು. ಹಿತ್ತಲಿಗೆ ಹೋಗಿ ನಿಂತರು. ಕನ್ನಿಯಮ್ಮ ಓಣಿಯಲ್ಲಿ ಕಾಯುತ್ತಿದ್ದಳು, ಕೈಯಲ್ಲಿ ಮುಚ್ಚಳದ ತಗಡಿನ ಡಬ್ಬ. ನಮ್ಮ ಮನೆಯಲ್ಲಿ ಹೊರಗಿನವರು ಏನು ಕೊಟ್ಟರೂ ಗೋಡೆಯ ಮೇಲೆ ಇಡಬೇಕು, ಅದಕ್ಕೆ ನೀರು ಚಿಮುಕಿಸಿ ಆಮೇಲೆ ಎತ್ತಿಕೊಳ್ಳಬೇಕು. ಕನ್ನಿಯಮ್ಮನೂ ಹಾಗೇ ಇಡಲು ಹೋದಳು. ಅಮ್ಮಮ್ಮ ಕೈ ಚಾಚಿದರು. ಡಬ್ಬ ಕೈಯಿಂದ ಕೈಗೆ ಬಂತು, ಆ ನಾಲ್ಕು ಕೈಗಳು ಒಂದು ಗಳಿಗೆ ಒಟ್ಟಿಗಿದ್ದವು. ಭೂಮಿ ಬಿರಿಯುತ್ತದೆ ಅಂತಲೇ ನಂಬಿದ್ದೆ. ಕಾಗೆ ಕೂಗುತ್ತಿತ್ತು, ಬಾವಿಯ ರಾಟೆ ಹಾಗೇ ಇತ್ತು. ಅಮ್ಮಮ್ಮ ಮಿಕ್ಕಿದ್ದ ತೆಂಗಿನೆಣ್ಣೆಯ ಬಾಟ್ಲಿಯನ್ನು ಅವಳ ಕೈಗೆ ಕೊಟ್ಟು ಒಳಗೆ ಬಂದರು.

ಡಬ್ಬದ ಮುಚ್ಚಳ ತೆಗೆದ ಕೂಡಲೆ ಅಮ್ಮ ಬಾಯಿಗೆ ಸೆರಗಿಟ್ಟುಕೊಂಡು ಜಗುಲಿಗೆ ಓಡಿದರು. ಆ ವಾಸನೆಯನ್ನು ವರ್ಣಿಸುವುದಿಲ್ಲ; ಮೈಲಾಪುರದ ನಮ್ಮ ಬೀದಿಯಲ್ಲಿ ಅವತ್ತು ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು ಅಂದರೆ ಸಾಕು. ಅಮ್ಮಮ್ಮ ಹಳೆಯ ಸೀರೆಯ ತುಂಡನ್ನು ಅದ್ದಿ, ಹಲಗೆಯ ಗೆರೆ ಹೋದ ದಿಕ್ಕಿನಲ್ಲೇ, ಒತ್ತಿ ಒತ್ತಿ ತಿಕ್ಕತೊಡಗಿದರು. ಹೊಸಬರ ಕೈ ಅಲ್ಲ ಅದು, ನೋಡಿ ನೋಡಿ ಕಲಿತ ಕೈ. ಅಷ್ಟರಲ್ಲಿ ಅಜ್ಜಯ್ಯ ಬಂದರು. ಬಾಗಿಲಲ್ಲೇ ನಿಂತರು. ಕೇಳಿದ್ದು ಇದೊಂದನ್ನೇ:

“ತೆಂಗಿನೆಣ್ಣೆ ಬಾಟ್ಲಿ ಎಲ್ಲಿ?”

“ಕನ್ನಿಯಮ್ಮಂಗೆ ಕೊಟ್ಟೆ. ತಲೆಗೆ ಹಾಕಿಕೊಳ್ಳಲಿ.”

“ಎಂತ ಹೇಳ್ತೆ ನೀನ್? ನಮ್ಮ ಮನೆಯಗೆ ನಾಲ್ಕ್ ತಲೆಮಾರಿಂದ...”

“ನಾಲ್ಕ್ ತಲೆಮಾರಿಂದ ಬಾಟ್ಲಿ ಕೊಟ್ಟದ್ ಹೌದ್. ಹಚ್ಚಿದ್ ಕಂಡದ್ ಯಾರ್?”

ಅಮ್ಮಮ್ಮ ಕೈ ನಿಲ್ಲಿಸದೆ ಹೇಳಿದರು. ಊರಿನಲ್ಲಿ ದೋಣಿಯನ್ನು ನೋಡಿಕೊಳ್ಳುತ್ತಿದ್ದವನು ಬಚ್ಚ ಮರಕಾಲ ಎಂಬ ಮೀನುಗಾರ. ಮಳೆಗಾಲದ ಮುಂಚೆ ಮನೆಯಿಂದ ಅವನಿಗೆ ಒಂದು ಬಾಟ್ಲಿ ತೆಂಗಿನೆಣ್ಣೆ ಕೊಡುವುದು, ಅವನು ದೋಣಿಯನ್ನು ತನ್ನ ಗುಡಿಸಲ ಬಳಿ ಎಳೆದುಕೊಂಡು ಹೋಗಿ ಎಣ್ಣೆ ಹಚ್ಚಿ ಮಳೆಗಾಲ ಕಳೆಯುವ ತನಕ ಇಡುವುದು ವಾಡಿಕೆ. ಅವನ ಅಪ್ಪ, ಅಜ್ಜನ ಕಾಲದಿಂದ ಹಾಗೇ.

“ತೆಂಗಿನೆಣ್ಣೆ ಅವನ ಹೆಂಡ್ತಿ ತಲೆಗೆ, ಮಕ್ಕಳ ತಲೆಗೆ. ದೋಣಿಗೆ ಮೀನೆಣ್ಣೆಯೇ. ಬ್ರಾಹ್ಮಣ್ರ ಮನಿ ದೋಣಿ ಅಂದ್ಕಂಡ್ ಬಾಯಿ ಬಿಡ್ತಿರ್ಲಿಲ್ಲ ಪಾಪ. ನಾನ್ ಮದ್ವೆಯಾಯ್ ಬಂದ ವರ್ಷವೇ ನನ್ನ ಮೂಗಿಗೆ ಗೊತ್ತಾಯ್ತ್, ಮತ್ತೆ ಕಣ್ಣಾರೆ ಕಂಡದ್ದೂ ಹೌದ್.”

“ಗೊತ್ತಿದ್ದೂ ಹೇಳ್ಲಿಲ್ಲ?”

“ಹೇಳಿರೆ ನಿಮ್ಮ ಅಪ್ಪಯ್ಯ ದೋಣಿ ಸುಡಿಸ್ತಿದ್ರ್. ಮತ್ತೆ ಹೊಳೆ ದಾಂಟುದ್ ಹ್ಯಾಂಗೆ? ಅದೇ ದೋಣಿಯಗೆ ಮಡೀಲಿ ಕೂತ್ಕಂಡ್ ದೇವಸ್ಥಾನಕ್ಕೆ ಹೂಗ್ ತಕಂಡ್ ಹೋಯ್ದೆ ನಾನ್. ದೇವ್ರ್ ಒಂದ್ ದಿನ ಬ್ಯಾಡ ಅಂದದ್ ಕಾಣೆ.”

ಅಜ್ಜಯ್ಯ ಅಲ್ಲೇ ಕೆಳಗೆ ಕೂತುಬಿಟ್ಟರು. ದೋಣಿಯ ವಿಷಯ ತನಗೆ ಗೊತ್ತಿಲ್ಲದ್ದು ಇಲ್ಲ ಎಂದು ಎಪ್ಪತ್ತು ವರ್ಷ ಬದುಕಿದವರು. ನಾನು ಅಮ್ಮಮ್ಮನ ಮುಖವನ್ನೇ ನೋಡುತ್ತಿದ್ದೆ. ಅವರ ಆ ಮಡಿ, ಆ ಸೆರಗು ಒತ್ತಿಹಿಡಿಯುವುದು ಎಲ್ಲವೂ ನಿಜ. ಅದರೊಳಗೆ ಇಷ್ಟೂ ವರ್ಷ ಇದನ್ನು ಇಟ್ಟುಕೊಂಡಿದ್ದದ್ದೂ ನಿಜ. ಒಬ್ಬ ಮನುಷ್ಯರೊಳಗೆ ಇಷ್ಟೆಲ್ಲ ಜಾಗ ಇರುತ್ತದೆಯೇ ಎಂದು ನನಗೆ ಮೈ ಜುಂ ಅಂದಿತು. ಮನೆಯವರು ಹೇಳಿದ್ದನ್ನು ಕೇಳಿದ ಮೇಲೂ, ಹೇಳದೆ ಉಳಿದದ್ದೇನು ಎಂದು ಹುಡುಕುವ ನನ್ನ ಚಾಳಿ ಶುರುವಾದದ್ದು ಅವತ್ತೇ.

ಅಪ್ಪಯ್ಯ ಹೇಳಿದ ಮಾತಿಗೆ ತಪ್ಪುವವರಲ್ಲ. ಸಂಜೆ ನಾಲ್ಕಕ್ಕೆ ಹೋಟೆಲಿನ ಇಬ್ಬರನ್ನು ಕರೆದುಕೊಂಡೇ ಬಂದರು, ಒಬ್ಬನ ಹೆಗಲ ಮೇಲೆ ಕೊಡಲಿ. ಜಗುಲಿಯಲ್ಲಿ ಅಮ್ಮ ಒಳಗೆ ಕೈ ತೋರಿಸಿದರು. ಮೊಣಕೈವರೆಗೆ ಮೀನೆಣ್ಣೆಯಾದ ತಾಯಿಯನ್ನು, ಪಕ್ಕದಲ್ಲಿ ನೆಲದ ಮೇಲೆ ಕೂತ ತಂದೆಯನ್ನು ಅಪ್ಪಯ್ಯ ನೋಡಿದರು. ಕೊಡಲಿಯವನು ಮೂಗು ಮುಚ್ಚಿಕೊಂಡ. ಅಮ್ಮಮ್ಮ ನೆಟ್ಟಗೆ ನಿಂತು ಬೆನ್ನು ಹಿಡಿದುಕೊಂಡರು.

“ಇವಳ್ ದಿನಾ ಬಾವಿಕಟ್ಟಿಗೆ ಹೋಯ್ ಲಂಗ ಕಚ್ಕಂಡ್ ಕೆಮ್ಮತ್ಲ್. ನಂಗೆ ಕಾಣತ್ತ್. ದೋಣಿ ಉಳೀಕ್ ಅಂದೇಳಿ ಈ ಹೆಣ್ಣ್ ಕೆಮ್ಮು ನುಂಗುದ್ ಬ್ಯಾಡ, ಕೆಮ್ಮು ನಿಲ್ಲುಕೆ ದೋಣಿ ಸುಡುದೂ ಬ್ಯಾಡ. ಇನ್ನೊಂದ್ ಬದಿ ಬಾಕಿ ಇತ್ತ್. ನನ್ನ ಸೊಂಟ ಬಗ್ಗುದಿಲ್ಲ.”

ಅಪ್ಪಯ್ಯ ಕೊಡಲಿಯವರನ್ನು ಹಿಂದಕ್ಕೆ ಕಳಿಸಿ, ಇಸ್ತ್ರಿ ಮಾಡಿದ ಅಂಗಿ ಬಿಚ್ಚಿ ಮೊಳೆಗೆ ಹಾಕಿ, ಬಟ್ಟೆಯ ತುಂಡು ತೆಗೆದುಕೊಂಡರು. ನನ್ನನ್ನು ಅವತ್ತಿನಿಂದ ಜಗುಲಿಯ ಪಕ್ಕದ ಕೋಣೆಯಲ್ಲಿ ಮಲಗಿಸಿದರು. ಅಮ್ಮ ಎರಡು ದಿನ ಮಜ್ಜಿಗೆ ಬಿಟ್ಟು ಬೇರೇನೂ ತೆಗೆದುಕೊಳ್ಳಲಿಲ್ಲ. ಅಮ್ಮಮ್ಮ ಮಿಂದು, ಪಂಚಗವ್ಯ ತೆಗೆದುಕೊಂಡು, ದೇವರ ಕೋಣೆಯ ಚಿಲಕ ತೆಗೆದು ಎಂದಿನಂತೆ ದೀಪ ಹಚ್ಚಿದರು. ಮರುದಿನ ಬೆಳಿಗ್ಗೆ ನಾನು ಮುಟ್ಟಲು ಹೋದಾಗ “ಮೈಲಿಗೆ, ದೂರ ನಿಲ್ಲ್” ಎಂದು ಎಂದಿನಂತೆಯೇ ಗದರಿದರು. ಮಳೆ ಮತ್ತೆ ಹಿಡಿದು ಹದಿನೈದು ದಿನ ಹೊಡೆಯಿತು. ದೋಣಿಯ ಮೇಲೆ ಗೋಣಿ ಇರಲಿಲ್ಲ, ಗಾಳಿ ಆಡುತ್ತಿತ್ತು, ಉಪ್ಪಿನ ಭರಣಿಗಳು ಇದ್ದವು. ಎಣ್ಣೆ ಒಣಗಿ ಮರದ ಮೇಲೆ ತೆಳುವಾದ ಚರ್ಮದ ಹಾಗೆ ಕೂತಿತು. ಬೂಷ್ಟು ಬರಲಿಲ್ಲ. ತೆಂಗಿನೆಣ್ಣೆ ಎಂದಿಗೂ ಒಣಗುವುದಿಲ್ಲ, ಮೀನೆಣ್ಣೆ ಗಾಳಿ ತಾಗಿ ಗಟ್ಟಿಯಾಗುತ್ತದೆ ಎಂಬುದಕ್ಕೆ ಕಾರಣವನ್ನು ನಾನು ಕಾಲೇಜಿನಲ್ಲಿ ಓದಿದೆ, ಮೂವತ್ತು ವರ್ಷ ಹುಡುಗಿಯರಿಗೆ ರಸಾಯನಶಾಸ್ತ್ರ ಪಾಠ ಮಾಡುವಾಗ ಬೋರ್ಡಿನ ಮೇಲೆ ಬರೆದೂ ತೋರಿಸಿದೆ. ಬರೆಯುವಾಗೆಲ್ಲ ಮೂಗಿಗೆ ಆ ವಾಸನೆ ಬರುತ್ತಿತ್ತು.

ಅಜ್ಜಯ್ಯ ಮಾತ್ರ ಆ ಎರಡು ತಿಂಗಳು ಹೆಚ್ಚು ಮಾತಾಡಲಿಲ್ಲ. ಊಟ ಮಾಡುತ್ತಿದ್ದರು, ದೋಣಿ ತಟ್ಟಿ ನೋಡುತ್ತಿದ್ದರು, ಟಣ್ ಎಂದರೂ ಮುಖ ಅರಳುತ್ತಿರಲಿಲ್ಲ. ಅಮ್ಮಮ್ಮನನ್ನು ಕದ್ದು ಕದ್ದು ನೋಡುತ್ತಿದ್ದರು, ಹೊಸದಾಗಿ ಮನೆಗೆ ಬಂದವರನ್ನು ನೋಡುವ ಹಾಗೆ. ಸಂಕ್ರಾಂತಿ ಕಳೆದ ವಾರ ಕಾಲುವೆ ಇಳಿಯಿತು. ಆರು ಜನ ಬಂದು ದೋಣಿಯನ್ನು ಹೊತ್ತುಕೊಂಡು ಹೋಗಿ ನೀರಿಗೆ ಬಿಟ್ಟರು. ನಾವೆಲ್ಲ ದಡದಲ್ಲಿ ನಿಂತೆವು, ಅಪ್ಪಯ್ಯನೂ ಹೋಟೆಲು ಬಿಟ್ಟು ಬಂದಿದ್ದರು. ಅಜ್ಜಯ್ಯ ಹತ್ತಿದರು. ಬಗ್ಗಿ ಹಲಗೆಗಳ ಸಂದಿಯಲ್ಲೆಲ್ಲ ಕೈಯಾಡಿಸಿದರು, ಅಂಗೈ ಎತ್ತಿ ನಮ್ಮ ಕಡೆ ತಿರುಗಿಸಿ ತೋರಿಸಿದರು. ಒಂದು ಹನಿ ನೀರಿಲ್ಲ. ಆಮೇಲೆ ಅವರು ಜಲ್ಲೆ ಎತ್ತಿಕೊಂಡು ಹೊರಡಬೇಕಾಗಿತ್ತು. ಹೊರಡಲಿಲ್ಲ. ದಡದ ಮೇಲೆ ಸೆರಗು ಹೊದ್ದು ನಿಂತಿದ್ದ ಅಮ್ಮಮ್ಮನನ್ನು ಬಹಳ ಹೊತ್ತು ನೋಡಿದರು.

“ಇನ್ನೂ ಎಂತೆಂತ ಗೊತ್ತಿತ್ತ್ ನಿಂಗೆ?”

ಮಗ, ಸೊಸೆ, ಹೋಟೆಲಿನ ಆಳುಗಳು ಎಲ್ಲರ ಎದುರೇ ಕೇಳಿದರು. ಅಮ್ಮಮ್ಮ ನಗಲಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು, ಯಾರ ಕೈಯನ್ನೂ ಹಿಡಿಯದೆ ದಡ ಇಳಿದು, ದೋಣಿಯೊಳಗೆ ಕಾಲಿಟ್ಟು, ನಡುವಿನ ಹಲಗೆಯ ಮೇಲೆ ನೆಟ್ಟಗೆ ಕೂತರು.

“ನೀವ್ ಮೊದ್ಲ್ ದೋಣಿ ಬಿಡಿ” ಎಂದರು.